ಡಿಫೋರ್ಡ್ ಬೈಲಿಯ ಮೌತ್ ಆರ್ಗನ್ ರೈಲು: ದನಿಗೆ ಜಾಗ ಸಿಕ್ಕಿತು, ಮನುಷ್ಯನಿಗೆ ಸಿಗಲಿಲ್ಲ

ರೇಡಿಯೋ ಕಿವಿ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಒಂದು ಹಳೇ ರೆಕಾರ್ಡಿಂಗ್ ಹಾಕಿದೆ. 1927ರದ್ದು. ಒಬ್ಬರೇ ಒಬ್ಬರು, ಕೈಯಲ್ಲಿ ಒಂದೇ ಒಂದು ಮೌತ್ ಆರ್ಗನ್. ಹಾಡಿಲ್ಲ, ತಾಳವಾದ್ಯ ಇಲ್ಲ. ಸೀಟಿ ಕೇಳಿಸುತ್ತದೆ, ಗಾಲಿ ಉರುಳುತ್ತದೆ, ವೇಗ ಏರುತ್ತದೆ, ರೈಲು ನಮ್ಮ ಪಕ್ಕದಲ್ಲೇ ಹಾದುಹೋಗುತ್ತದೆ. ಒಳಗೆ ಪಾತ್ರೆ ಜೋಡಿಸುತ್ತಿದ್ದ ಅಮ್ಮ ಹೊರಗೆ ಬಂದು "ಯಾವ ಊರಿನ ರೈಲೋ ಇದು?" ಅಂದರು. ರೈಲಲ್ಲಮ್ಮ, ಮೌತ್ ಆರ್ಗನ್ ಅಂದೆ. ನಂಬಲಿಲ್ಲ. ಇನ್ನೊಂದು ಸಲ ಹಾಕಿಸಿಕೊಂಡು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತೇ ಕೇಳಿದರು.

ನುಡಿಸಿದವರು ಡಿಫೋರ್ಡ್ ಬೈಲಿ. ತುಣುಕಿನ ಹೆಸರು ‘ಪ್ಯಾನ್ ಅಮೆರಿಕನ್ ಬ್ಲೂಸ್’. ಇವರ ಬಗ್ಗೆ ಕನ್ನಡದಲ್ಲಿ ಯಾರೂ ಮಾತಾಡಿದ್ದು ನಾನು ನೋಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೈಲಿ ಹುಟ್ಟಿದ್ದು 1899ರಲ್ಲಿ, ಅಮೆರಿಕದ ಟೆನ್ನೆಸ್ಸಿ ರಾಜ್ಯದ ಒಂದು ಹಳ್ಳಿಯಲ್ಲಿ. ಕಪ್ಪು ಕುಟುಂಬ. ಮನೆಯವರೆಲ್ಲ ಫಿಡಲ್, ಬ್ಯಾಂಜೊ ನುಡಿಸುವವರೇ. ಮೂರು ವರ್ಷದ ಮಗುವಿಗೆ ಪೋಲಿಯೊ ಆಯಿತು. ಒಂದು ವರ್ಷ ಹಾಸಿಗೆ. ಮಲಗಿದಲ್ಲೇ ಕೈಗೆ ಮೌತ್ ಆರ್ಗನ್ ಕೊಟ್ಟರು. ಹೊರಗೆ ಬೇಟೆನಾಯಿ ಬೊಗಳಿದ್ದು, ಕೋಳಿ ಕೂಗಿದ್ದು, ದೂರದಲ್ಲಿ ರೈಲು ಹೋಗಿದ್ದು, ಕಿವಿಗೆ ಬಿದ್ದದ್ದನ್ನೆಲ್ಲ ಹುಡುಗ ಅದರಲ್ಲಿ ಹುಡುಕಿದ. ಸ್ವಲ್ಪ ದೊಡ್ಡವನಾದ ಮೇಲೆ ಶಾಲೆಗೆ ಹೋಗುವ ದಾರಿಯಲ್ಲಿ ರೈಲು ಸೇತುವೆಯ ಕೆಳಗೆ ನಿಂತು, ಮೇಲೆ ಗಾಡಿ ಹೋಗುವಾಗ ಕೇಳುತ್ತಿದ್ದನಂತೆ. ಆ ಕಾಯಿಲೆಯಿಂದ ದೇಹ ಬೆಳೆಯಲಿಲ್ಲ. ಐದಡಿಯೂ ಎತ್ತರ ಬರಲಿಲ್ಲ.

1925ರಲ್ಲಿ ನ್ಯಾಶ್‌ವಿಲ್‌ನ ಒಂದು ವಿಮಾ ಕಂಪನಿ ಡಬ್ಲ್ಯೂಎಸ್‌ಎಂ ಅನ್ನೋ ರೇಡಿಯೋ ನಿಲಯ ಶುರು ಮಾಡಿತು. ಪ್ರತಿ ಶನಿವಾರ ರಾತ್ರಿ ಹಳ್ಳಿ ಸಂಗೀತದ ಕಾರ್ಯಕ್ರಮ. ಬೈಲಿ ಅಲ್ಲಿ ಬೇಗ ಹೆಸರು ಮಾಡಿದರು. ಕಾರ್ಯಕ್ರಮ ನಡೆಸುತ್ತಿದ್ದ ಜಾರ್ಜ್ ಹೇ ತಾವೇ ಹೇಳುತ್ತಿದ್ದ ಕಥೆ ಇದು. 1927ರ ಡಿಸೆಂಬರ್. ಇವರಿಗಿಂತ ಮೊದಲು ದೊಡ್ಡ ನೆಟ್‌ವರ್ಕ್‌ನಲ್ಲಿ ಶಾಸ್ತ್ರೀಯ ಸಂಗೀತ ನಡೆಯುತ್ತಿತ್ತು. ಅಲ್ಲಿ ರೈಲಿನ ಚಿತ್ರ ಕೊಡುವ ಆರ್ಕೆಸ್ಟ್ರಾ ತುಣುಕೊಂದು ಮುಗಿಯಿತು. ಇಲ್ಲಿ ಹೇ ಮೊದಲು ಕರೆದದ್ದು ಬೈಲಿಯನ್ನು. ಅವರು ತಮ್ಮ ರೈಲು ಬಿಟ್ಟರು. ಮುಗಿದ ಮೇಲೆ ಹೇ ಹೇಳಿದರು: ಇಷ್ಟು ಹೊತ್ತು ಗ್ರ್ಯಾಂಡ್ ಆಪರಾ ಕೇಳಿದಿರಿ, ಇನ್ನು ‘ಗ್ರ್ಯಾಂಡ್ ಓಲ್ ಆಪ್ರಿ’ ಕೇಳಿ. ಆಪರಾ ಅನ್ನುವುದನ್ನೇ ಹಳ್ಳಿ ಬಾಯಲ್ಲಿ ‘ಆಪ್ರಿ’ ಅಂದದ್ದು. ಆ ಹೆಸರೇ ನಿಂತಿತು. ಇವತ್ತಿಗೂ ಆಪ್ರಿ ನಡೆಯುತ್ತಿದೆ, ಕಂಟ್ರಿ ಸಂಗೀತದವರಿಗೆ ಅದೇ ದೊಡ್ಡ ವೇದಿಕೆ.

1941ರಲ್ಲಿ ಬೈಲಿಯನ್ನು ಅಲ್ಲಿಂದ ತೆಗೆದುಹಾಕಿದರು. ಆಮೇಲೆ ನ್ಯಾಶ್‌ವಿಲ್‌ನಲ್ಲೇ ಶೂ ಪಾಲಿಷ್ ಅಂಗಡಿ ನಡೆಸಿ ಜೀವನ ಮಾಡಿದರು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ನಿಮ್ಮ ಜೊತೆ ಮಾತಾಡಬೇಕು ಅನ್ನಿಸಿತು.

ಹತ್ತು ತೂತು

ಬಹಳ ಒಳ್ಳೆ ವಿಷಯ ಎತ್ತಿದಿರಿ ಸರ್. ನಾನು 30 ವರ್ಷದಿಂದ ಮೌತ್ ಆರ್ಗನ್ ನುಡಿಸುತ್ತೇನೆ, ಸಿನಿಮಾ ಹಾಡುಗಳೇ ಜಾಸ್ತಿ. ಬೈಲಿಯ ರೈಲು ನುಡಿಸಲು ಒಂದು ಇಡೀ ಮಳೆಗಾಲ ಕೂತಿದ್ದೇನೆ. ಅದು ಹೇಗೆ ಆಗುತ್ತದೆ ಅಂತ ಹೇಳುತ್ತೇನೆ.

ಆ ವಾದ್ಯಕ್ಕೆ ಹತ್ತೇ ತೂತು. ಊದಿದರೆ ಒಂದು ಸ್ವರ, ಅದೇ ತೂತಲ್ಲಿ ಉಸಿರು ಒಳಗೆಳೆದರೆ ಇನ್ನೊಂದು. ನಾವು ಹಾಡು ನುಡಿಸುವಾಗ ಊದುವುದಕ್ಕೇ ಜಾಸ್ತಿ ಒತ್ತು. ಬೈಲಿಯಂಥವರು ಒಳಗೆಳೆಯುವುದಕ್ಕೆ. ಎಡಗಡೆಯ ಮೂರು ತೂತು ಒಟ್ಟಿಗೆ ಬಾಯಲ್ಲಿ ಹಿಡಿದು, ಎರಡು ಸಲ ಎಳೆ, ಎರಡು ಸಲ ಊದು. ನಾಲಿಗೆಯಲ್ಲಿ ಒಳಗೊಳಗೇ ‘ತುಕು ತುಕು’ ಅನ್ನಬೇಕು. ಅದೇ ಗಾಲಿ. ಸೀಟಿಗೆ ಮೂರು, ನಾಲ್ಕನೇ ತೂತು ಒಟ್ಟಿಗೆ ಎಳೆದು, ನಾಲಿಗೆ ಹಿಂದಕ್ಕೆ ಸರಿಸಿ ಸ್ವರವನ್ನು ಕೆಳಗೆ ಜಾರಿಸಬೇಕು. ಆಗ ಬೊಗಸೆ ಮಾಡಿದ ಕೈ ನಿಧಾನವಾಗಿ ತೆರೆದರೆ ರೈಲು ಹತ್ತಿರ ಬರುತ್ತದೆ, ಮುಚ್ಚಿದರೆ ದೂರ ಹೋಗುತ್ತದೆ.

ಕಷ್ಟ ಎಲ್ಲಿ ಗೊತ್ತಾ? ಉಸಿರು ತೆಗೆದುಕೊಳ್ಳಲು ಬೇರೆ ಸಮಯವೇ ಇಲ್ಲ. ಉಸಿರಾಟವೇ ತಾಳ. ವೇಗ ಏರಿದ ಹಾಗೆ ಎದೆ ತುಂಬುತ್ತಾ ಹೋಗುತ್ತದೆ, ಖಾಲಿ ಮಾಡಲು ಜಾಗ ಸಿಗುವುದಿಲ್ಲ. ನನಗೆ ಒಂದು ನಿಮಿಷಕ್ಕೆ ತಲೆ ಸುತ್ತು ಬಂತು. ಅವರು ಗಾಲಿಯ ಸದ್ದು ನಿಲ್ಲಿಸದೆ ನಡುವೆ ಸೀಟಿ ಹಾಕುತ್ತಾರೆ. ಎರಡು ಜನ ನುಡಿಸುತ್ತಿದ್ದಾರೆ ಅನ್ನಿಸುತ್ತದೆ.

ಲೆಕ್ಕದ ಮೇಷ್ಟ್ರು

ರೇಡಿಯೋ ಕಿವಿ ಅವರೇ, ಒಂದು ಮಾತು. ತೆಗೆದುಹಾಕಿದ್ದಕ್ಕೆ ಬಣ್ಣ ಒಂದೇ ಕಾರಣ ಅಂದುಬಿಟ್ಟರೆ ಕಥೆ ಪೂರ್ತಿ ಆಗುವುದಿಲ್ಲ. ಆಗ ನಡೆದ ಲೈಸೆನ್ಸ್ ಜಗಳವನ್ನೂ ನೋಡಬೇಕು.

ಹಾಡುಗಳ ಹಕ್ಕಿನ ಹಣ ವಸೂಲು ಮಾಡುವ ಸಂಘ ಆಸ್ಕ್ಯಾಪ್. ಅದು ರೇಡಿಯೋದವರಿಂದ ಜಾಸ್ತಿ ಹಣ ಕೇಳಿತು. ರೇಡಿಯೋದವರು ಸಿಟ್ಟಾಗಿ 1939ರಲ್ಲಿ ಬಿಎಂಐ ಅಂತ ತಮ್ಮದೇ ಸಂಘ ಕಟ್ಟಿದರು. 1941ರ ಜನವರಿ 1ರಿಂದ ಆಸ್ಕ್ಯಾಪ್ ಕೈಯಲ್ಲಿದ್ದ ಹಾಡುಗಳು ಹೆಚ್ಚಿನ ನಿಲಯಗಳಲ್ಲಿ ಬಂದ್. ಬೈಲಿ ವರ್ಷಗಟ್ಟಲೆ ನುಡಿಸಿ ಜನಪ್ರಿಯ ಮಾಡಿದ್ದ ತುಣುಕುಗಳೂ ಈ ಬಲೆಗೆ ಸಿಕ್ಕಿದವು. ಹೊಸದು ನುಡಿಸಿ ಅಂದರು. ಜನ ಹಳೆಯದನ್ನೇ ಕೇಳುತ್ತಾರೆ ಅನ್ನುವುದು ಬೈಲಿಯ ವಾದ. ಅಲ್ಲಿಗೆ ಮುಗಿಯಿತು.

ರೇಡಿಯೋ ಕಿವಿ

ಮೇಷ್ಟ್ರೇ, ಜಗಳ ನಿಜ, ಒಪ್ಪುತ್ತೇನೆ. ಆದರೆ ಅದು ಆಪ್ರಿಯ ಎಲ್ಲ ಕಲಾವಿದರಿಗೂ ತಟ್ಟಿತ್ತು ಅಲ್ವಾ? ಅಷ್ಟು ದೊಡ್ಡ ಹೆಸರು ಮಾಡಿದ್ದವರಲ್ಲಿ ಮನೆಗೆ ಹೋದದ್ದು ಇವರು.

ಇನ್ನೊಂದು ವಿಷಯ. 1945ರಲ್ಲಿ ಹೇ ಆಪ್ರಿಯ ಚರಿತ್ರೆ ಅಂತ ಒಂದು ಸಣ್ಣ ಪುಸ್ತಕ ಬರೆದರು. ಅದರಲ್ಲಿ ಬೈಲಿಯನ್ನು ‘ಹುಡುಗ’ ಅಂತಲೇ ಕರೆದಿದ್ದಾರೆ. ಆಗ ಬೈಲಿಗೆ 45 ವರ್ಷ. ನಮ್ಮ ‘ಮ್ಯಾಸ್ಕಾಟ್’, ಅಂದರೆ ತಂಡದ ಅದೃಷ್ಟದ ಗೊಂಬೆ, ಆಗಿದ್ದ, ಸೋಮಾರಿ, ಹೊಸದು ಕಲಿಯಲು ಒಪ್ಪಲಿಲ್ಲ ಅಂತ ಬರೆದಿದ್ದಾರೆ. ಸೋಮಾರಿತನದ ಮಾತಿಗೆ ಅವರ ಜನಾಂಗವನ್ನೂ ಎಳೆದು ತಂದಿದ್ದಾರೆ. ಹದಿನೈದು ವರ್ಷ ಶನಿವಾರ ಶನಿವಾರ ಬಂದು ನುಡಿಸಿದವರ ಬಗ್ಗೆ ಈ ಮಾತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನನಗೆ ಕಾಣುವುದು ಇಷ್ಟು. ರೇಡಿಯೋದಲ್ಲಿ ಬಣ್ಣ ಕಾಣುವುದಿಲ್ಲ. ಬೈಲಿಯ ದನಿ ಪ್ರತಿ ಶನಿವಾರ ಬಿಳಿಯರ ಮನೆಯ ಹಜಾರದೊಳಗೇ ಹೋಗುತ್ತಿತ್ತು. ಅದೇ ಬೈಲಿ ಟೂರ್ ಹೋದಾಗ ಜೊತೆಯ ಕಲಾವಿದರು ಊಟ ಮಾಡುವ ಹೋಟೆಲ್ ಒಳಗೆ ಕಾಲಿಡುವ ಹಾಗಿರಲಿಲ್ಲ. ಮಲಗಲು ಕಪ್ಪು ಜನರ ಕೇರಿಯಲ್ಲಿ ಮನೆ ಹುಡುಕಬೇಕಿತ್ತು. ಬ್ಯಾಂಜೊ ನುಡಿಸುತ್ತಿದ್ದ ಅಂಕಲ್ ಡೇವ್ ಮೇಕನ್ ಒಮ್ಮೊಮ್ಮೆ "ಇವನು ನನ್ನ ಆಳು" ಅಂತ ಸುಳ್ಳು ಹೇಳಿ ತನ್ನ ರೂಮಿನಲ್ಲಿ ಮಲಗಿಸಿಕೊಳ್ಳುತ್ತಿದ್ದರಂತೆ. ಅದು ಪ್ರೀತಿಯೇ. ಆದರೆ ಆ ಊರುಗಳಲ್ಲಿ ಪ್ರೀತಿ ತೋರಿಸಲು ಇದ್ದ ದಾರಿ ಅದು ಅಂದರೆ ಹೊಟ್ಟೆ ಉರಿಯುತ್ತದೆ.

ಹಾಸನದ ಹುಡುಗ

ನನಗೊಂದು ಪ್ರಶ್ನೆ. ಕಂಟ್ರಿ ಅಂದ ತಕ್ಷಣ ನನಗೆ ದೊಡ್ಡ ಟೊಪ್ಪಿ ಹಾಕಿದ ಬಿಳಿಯರೇ ಕಣ್ಣ ಮುಂದೆ ಬರುತ್ತಾರೆ. ಬ್ಲೂಸ್ ಅಂದರೆ ಕಪ್ಪು ಜನ. ಎರಡೂ ಬೇರೆ ಬೇರೆ ಅಂತಲೇ ತಿಳಿದಿದ್ದೆ. ಹಾಗಲ್ವಾ?

ತಂಬೂರಿ ತಂತಿ

ಹಾಗಲ್ಲ ತಮ್ಮಾ. ಆ ಗೆರೆ ಎಳೆದವರು ಮುಖ್ಯವಾಗಿ ರೆಕಾರ್ಡ್ ಕಂಪನಿಗಳು. 1920ರ ದಶಕದಲ್ಲಿ ಅವರು ಕಪ್ಪು ಜನರ ರೆಕಾರ್ಡ್‌ಗಳಿಗೆ ‘ರೇಸ್’ ಅಂತ ಒಂದು ಪಟ್ಟಿ, ದಕ್ಷಿಣದ ಬಿಳಿ ಹಳ್ಳಿಗರದ್ದಕ್ಕೆ ‘ಹಿಲ್‌ಬಿಲಿ’ ಅಂತ ಇನ್ನೊಂದು ಪಟ್ಟಿ ಮಾಡಿದರು. ಮಾರಾಟಕ್ಕೆ ಸುಲಭ. ಹಳ್ಳಿಗಳಲ್ಲಿ ಇಬ್ಬರೂ ಒಂದೇ ಕುಣಿತಕ್ಕೆ ಒಂದೇ ಹಾಡು ನುಡಿಸುತ್ತಿದ್ದರು. ಬೈಲಿ ತಮ್ಮ ಮನೆಯ ಸಂಗೀತವನ್ನು ‘ಕಪ್ಪು ಹಿಲ್‌ಬಿಲಿ ಸಂಗೀತ’ ಅಂತಲೇ ಕರೆಯುತ್ತಿದ್ದರು. ಕಂಪನಿಯ ಪಟ್ಟಿಯಲ್ಲಿ ಅಂಥವರಿಗೆ ಕಾಲಂ ಇರಲಿಲ್ಲ. ಫಿಡಲ್ ಹಿಡಿದು ಬಂದ ಕಪ್ಪು ವಾದಕರಿಗೆ ‘ಬ್ಲೂಸ್ ಇದ್ದರೆ ಹಾಡು’ ಅನ್ನುತ್ತಿದ್ದರು.

ಬ್ಯಾಂಜೊವನ್ನೇ ತಗೋ. ಬಿಳಿಯರ ಬೆಟ್ಟದ ವಾದ್ಯ ಅಂತ ಹೆಸರಾಗಿದೆ. ಅದರ ಬೇರು ಪಶ್ಚಿಮ ಆಫ್ರಿಕಾ. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರಲ್ಲಿ ‘ಅಕೊಂಟಿಂಗ್’ ಅಂತ ವಾದ್ಯ ಈಗಲೂ ಇದೆ. ಸೋರೆ ಬುರುಡೆ, ಮೇಲೆ ಚರ್ಮ, ಉದ್ದ ಕೋಲು, ಮೂರು ತಂತಿ. ಅದರಲ್ಲಿ ಒಂದು ಗಿಡ್ಡ ತಂತಿ, ಹೆಬ್ಬೆರಳಿಗೆ. ಗುಲಾಮರಾಗಿ ಸಾಗಿಸಲ್ಪಟ್ಟ ಜನ ಇಂಥ ವಾದ್ಯಗಳ ನೆನಪನ್ನು ಹೊತ್ತುಕೊಂಡು ಹೋಗಿ, ಆ ಹೊಸ ನೆಲದ ಬುರುಡೆಯಲ್ಲಿ ಮತ್ತೆ ಕಟ್ಟಿದರು. ಬ್ಯಾಂಜೊದ ಐದನೇ ತಂತಿ ಆ ಗಿಡ್ಡ ತಂತಿಯೇ. ಹಾಡು ಎಲ್ಲಿಗೆ ಹೋದರೂ ಅದು ಒಂದೇ ಸ್ವರ ಮಿಡಿಯುತ್ತಾ ಇರುತ್ತದೆ. ನಾನು ತಂಬೂರಿ ಹಿಡಿದು ಭಜನೆಯಲ್ಲಿ ಕೂತು ಬೆಳೆದವಳು. ಮೊದಲ ಸಲ ಬ್ಯಾಂಜೊ ಗಮನ ಕೊಟ್ಟು ಕೇಳಿದಾಗ ಕಿವಿ ಹೋಗಿ ನಿಂತದ್ದು ಆ ತಂತಿಯ ಮೇಲೆ.

ಇನ್ನೊಬ್ಬರ ಹೆಸರು ಹೇಳಲೇಬೇಕು, ಲೆಸ್ಲಿ ರಿಡಲ್. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಕಾಲು ಕಳೆದುಕೊಂಡ ಕಪ್ಪು ಗಿಟಾರ್ ವಾದಕ. ಕಂಟ್ರಿ ಸಂಗೀತದ ತಾಯಿಬೇರು ಅನ್ನಿಸಿಕೊಂಡ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಹಾಡು ಹುಡುಕಲು ಊರೂರು ಅಲೆಯುವಾಗ ಜೊತೆಗೆ ಕರೆದುಕೊಂಡು ಹೋಗುತ್ತಿದ್ದದ್ದು ಇವರನ್ನು. ಕಾರ್ಟರ್ ಸಾಹಿತ್ಯ ಬರೆದುಕೊಳ್ಳುತ್ತಿದ್ದರು. ರಾಗ ನೆನಪಿಟ್ಟುಕೊಂಡು ಮನೆಗೆ ತರುತ್ತಿದ್ದದ್ದು ರಿಡಲ್. ಅದೇ ಕುಟುಂಬದ ಮೇಬೆಲ್ ಕಾರ್ಟರ್ ಕಲಿತದ್ದು ರಿಡಲ್ ಕೈ ನೋಡಿ. ರೆಕಾರ್ಡಿನ ಮೇಲೆ ಮಾತ್ರ ರಿಡಲ್ ಹೆಸರು ಇಲ್ಲ.

ನ್ಯಾಶ್‌ವಿಲ್ ಕನ್ನಡತಿ

ನಾನು ನ್ಯಾಶ್‌ವಿಲ್‌ಗೆ ಬಂದು ಆರು ವರ್ಷ ಆಯಿತು. ಊರಿಂದ ಯಾರೇ ಬಂದರೂ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಕರೆದುಕೊಂಡು ಹೋಗುತ್ತೇವೆ. ದುಂಡನೆಯ ಹಾಲ್, ಗೋಡೆ ಸುತ್ತ ಕಂಚಿನ ಫಲಕಗಳು. ಬೈಲಿಯದ್ದೂ ಇದೆ. 2005ರಲ್ಲಿ ಸೇರಿಸಿದ್ದು. ಅವರು ತೀರಿಕೊಂಡದ್ದು 1982ರಲ್ಲಿ. ಇಪ್ಪತ್ತಮೂರು ವರ್ಷ ತಡ.

ಅವರ ಪಾಲಿಷ್ ಅಂಗಡಿ ಇದ್ದದ್ದು 12ನೇ ಅವೆನ್ಯೂ ಸೌತ್‌ನಲ್ಲಿ. ಅದೇ ರಸ್ತೆಯಲ್ಲಿ ಇನ್ನಷ್ಟು ದಕ್ಷಿಣಕ್ಕೆ ಹೋದರೆ ಈಗ ಬರೀ ದುಬಾರಿ ಕಾಫಿ ಅಂಗಡಿಗಳು. ಈ ಚರ್ಚೆ ಓದಿದ ಮೇಲೆ ನಿನ್ನೆ ಕೆಲಸ ಮುಗಿಸಿ ಬರುವಾಗ ಆ ಕಡೆ ಗಾಡಿ ತಿರುಗಿಸಿದೆ. ನೋಡಲು ಏನೂ ಇಲ್ಲ, ಗೊತ್ತು. ಆದರೂ ಆ ರೆಕಾರ್ಡಿಂಗ್ ಹಾಕಿಕೊಂಡು ನಿಧಾನಕ್ಕೆ ಹೋದೆ.

ಇನ್ನೊಂದು ಗಮನಿಸಿ. ಪ್ರವಾಸಿಗರು ಮುಗಿಬೀಳುವ ರೈಮನ್ ಸಭಾಂಗಣಕ್ಕೆ ಆಪ್ರಿ ಬಂದದ್ದು 1943ರಲ್ಲಿ. ಅಷ್ಟರಲ್ಲಿ ಬೈಲಿ ಹೊರಗೆ. ಆಪ್ರಿಯ ಹೊಳಪಿನ ವರ್ಷಗಳೆಲ್ಲ ಅವರಿಲ್ಲದೇ ನಡೆದವು.

ಹಾಸನದ ಹುಡುಗ

ಇವರೆಲ್ಲರಿಗೂ ಹೀಗೇ ಆಯಿತಾ? ಒಬ್ಬರಿಗಾದರೂ ಬದುಕಿದ್ದಾಗ ಸಿಗಬೇಕಾದ್ದು ಸಿಕ್ಕಿದೆಯಾ?

ಹತ್ತು ತೂತು

ಸಿಕ್ಕಿದೆ. ಎಲಿಜಬೆತ್ ಕಾಟನ್ ಅಜ್ಜಿಯ ಕಥೆ ಕೇಳು. ನಾರ್ತ್ ಕ್ಯಾರೊಲೈನಾದ ಕಾರ್‌ಬರೋದವರು. ಎಡಗೈ. ಬಲಗೈಯವರ ಗಿಟಾರನ್ನೇ ತಲೆಕೆಳಗು ಹಿಡಿದು ಕಲಿತರು. ತಂತಿ ಬದಲಿಸಲಿಲ್ಲ. ಹಾಗಾಗಿ ಎಲ್ಲರೂ ಹೆಬ್ಬೆರಳಲ್ಲಿ ಮೀಟುವ ದಪ್ಪ ತಂತಿ ಇವರಿಗೆ ಬೆರಳಲ್ಲಿ, ಬೆರಳಲ್ಲಿ ಮೀಟುವ ರಾಗ ಹೆಬ್ಬೆರಳಲ್ಲಿ. ವಿಡಿಯೋ ಇದೆ, ಕೈ ನೋಡಿ. ಹೆಬ್ಬೆರಳು ಹಾಡುತ್ತದೆ. ಹನ್ನೊಂದು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ಮನೆ ಹತ್ತಿರದ ಗೂಡ್ಸ್ ರೈಲು ಕೇಳಿ ‘ಫ್ರೇಟ್ ಟ್ರೇನ್’ ಕಟ್ಟಿದರು. ಇಲ್ಲೂ ರೈಲೇ ನೋಡಿ.

ಆಮೇಲೆ ಮದುವೆ, ಚರ್ಚು, ಮನೆಗೆಲಸ. ಗಿಟಾರ್ ಮುಟ್ಟದೆ ದಶಕಗಳು ಹೋದವು. ವಾಷಿಂಗ್ಟನ್‌ನ ಅಂಗಡಿಯೊಂದರಲ್ಲಿ ಕೆಲಸ ಮಾಡುವಾಗ ಕಳೆದುಹೋದ ಮಗುವನ್ನು ಅದರ ತಾಯಿಗೆ ಒಪ್ಪಿಸಿದರು. ಆ ಮಗು ಪೆಗ್ಗಿ ಸೀಗರ್, ತಾಯಿ ಸಂಗೀತ ರಚನೆಕಾರ್ತಿ ರುತ್ ಕ್ರಾಫರ್ಡ್ ಸೀಗರ್. ಆ ಮನೆಗೆ ಅಡುಗೆ ಕೆಲಸಕ್ಕೆ ಸೇರಿದರು. ಗೋಡೆಯ ಮೇಲೆ ಗಿಟಾರ್ ತೂಗುತ್ತಿತ್ತು. ಒಂದು ದಿನ ಕೈಗೆ ತೆಗೆದುಕೊಂಡರು. ಆ ಮನೆಯ ಮಗ ಮೈಕ್ ಸೀಗರ್ ಟೇಪ್ ಮಾಡಿ 1958ರಲ್ಲಿ ಫೋಕ್‌ವೇಸ್ ಕಂಪನಿ ಆಲ್ಬಂ ತಂದಿತು. ಆಗ ಅವರಿಗೆ 65. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಅವರ ಹಾಡು ಬೇರೆಯವರ ಹೆಸರಲ್ಲಿ ಹಿಟ್ ಆಗಿಬಿಟ್ಟಿತ್ತು. ಹಕ್ಕಿಗೆ ಹೋರಾಡಬೇಕಾಯಿತು. ಆದರೆ 1984ರಲ್ಲಿ ದೇಶದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಬಂತು, 90 ದಾಟಿದ ಮೇಲೆ ಗ್ರ್ಯಾಮಿ ಬಂತು. ಎರಡನ್ನೂ ತಾವೇ ಕೈಯಾರೆ ತೆಗೆದುಕೊಂಡರು.

ಲೆಕ್ಕದ ಮೇಷ್ಟ್ರು

ಹಾಡಿನ ಹಣದ ವಿಷಯಕ್ಕೆ ಬಂದರೆ ಎರಡು ಉದಾಹರಣೆ ಪಕ್ಕಪಕ್ಕ ಇಡುತ್ತೇನೆ.

ಕಪ್ಪು ಗಾಯಕ ಲೆಡ್ ಬೆಲ್ಲಿಯನ್ನು 1933ರಲ್ಲಿ ಜಾನಪದ ಹಾಡು ಸಂಗ್ರಹಿಸುತ್ತಿದ್ದ ಜಾನ್ ಲೋಮ್ಯಾಕ್ಸ್ ಮತ್ತು ಮಗ ಆಲನ್ ಲೂಸಿಯಾನಾದ ಅಂಗೋಲಾ ಜೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು, ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ. ಅವರು ಹೋಗದಿದ್ದರೆ ಆ ಹಾಡುಗಳು ನಮಗೆ ಸಿಗುತ್ತಿರಲಿಲ್ಲ, ಅದಕ್ಕೆ ನಾನು ಕೃತಜ್ಞ. ಆದರೆ ಬಿಡುಗಡೆಯಾಗಿ ಬಂದ ಮೇಲೂ ಅವರಿಗೆ ಕೈದಿಯ ಬಟ್ಟೆ ಹಾಕಿಸಿ ನ್ಯೂಸ್‌ರೀಲ್ ತೆಗೆದರು. ಹಾಡುಗಳ ಹಕ್ಕಿನಲ್ಲಿ ಲೋಮ್ಯಾಕ್ಸ್ ಹೆಸರು ಸೇರಿತು. 1949ರ ಡಿಸೆಂಬರ್‌ನಲ್ಲಿ ಲೆಡ್ ಬೆಲ್ಲಿ ತೀರಿಕೊಂಡರು. ಮರುವರ್ಷವೇ ಅವರ ‘ಗುಡ್‌ನೈಟ್ ಐರಿನ್’ ಅನ್ನು ವೀವರ್ಸ್ ತಂಡ ಹಾಡಿ ದೇಶದ ನಂಬರ್ ಒನ್ ಹಾಡಾಯಿತು.

ಇನ್ನೊಂದು ‘ವಿ ಶಲ್ ಓವರ್‌ಕಮ್’. ನಮ್ಮ ಶಾಲೆಗಳಲ್ಲಿ ‘ಹಮ್ ಹೋಂಗೆ ಕಾಮ್‌ಯಾಬ್’ ಅಂತ ಹಾಡುವುದು ಇದನ್ನೇ. ಮೂಲ ಚರ್ಚಿನ ಹಾಡು. 1945–46ರಲ್ಲಿ ಸೌತ್ ಕ್ಯಾರೊಲೈನಾದ ಚಾರ್ಲ್ಸ್‌ಟನ್‌ನಲ್ಲಿ ತಂಬಾಕು ಕಾರ್ಖಾನೆಯ ಮುಷ್ಕರ ಮಾಡಿದ ಕಪ್ಪು ಹೆಣ್ಣುಮಕ್ಕಳು ಚಳಿಯಲ್ಲಿ ನಿಂತು ಹಾಡಿದರು. ಅಲ್ಲಿಂದ ಹಾಡು ಟೆನ್ನೆಸ್ಸಿಯ ಹೈಲ್ಯಾಂಡರ್ ಶಾಲೆಗೆ, ಹೋರಾಟಗಾರರಿಗೆ ತರಬೇತಿ ಕೊಡುವ ಜಾಗಕ್ಕೆ, ಬಂತು. ಅಲ್ಲಿ ಜಿಲ್ಫಿಯಾ ಹಾರ್ಟನ್ ಕಲಿತು ಗಾಯಕ ಪೀಟ್ ಸೀಗರ್‌ಗೆ ಕಲಿಸಿದರು. 1960ರಲ್ಲಿ ಗೈ ಕ್ಯಾರವಾನ್ ವಿದ್ಯಾರ್ಥಿ ಹೋರಾಟಗಾರರಿಗೆ ಮುಟ್ಟಿಸಿದರು. 1965ರ ಮಾರ್ಚ್‌ನಲ್ಲಿ ಅಧ್ಯಕ್ಷ ಜಾನ್ಸನ್ ಮತದಾನದ ಹಕ್ಕಿನ ಬಗ್ಗೆ ಸಂಸತ್ತಿನಲ್ಲಿ ಮಾತಾಡುವಾಗ ಈ ಮೂರು ಪದ ಹೇಳಿದರು. ಇದರ ಹಕ್ಕು ಸೀಗರ್ ಮತ್ತು ಸಂಗಡಿಗರ ಹೆಸರಲ್ಲೇ ಇತ್ತು. ಆದರೆ ಬಂದ ಹಣ ಅವರ ಜೇಬಿಗೆ ಹೋಗಲಿಲ್ಲ, ಹೈಲ್ಯಾಂಡರ್‌ನ ಒಂದು ನಿಧಿಗೆ ಹೋಯಿತು. ದಕ್ಷಿಣದ ಕಪ್ಪು ಸಮುದಾಯದ ಕೆಲಸಗಳಿಗೆ ಹಂಚಿದರು. 2018ರಲ್ಲಿ ಹಾಡು ಸಾರ್ವಜನಿಕರದ್ದೇ ಆಯಿತು.

ತಂಬೂರಿ ತಂತಿ

ಮೇಷ್ಟ್ರು ಎರಡನ್ನೂ ಹೇಳಿದ್ದು ಒಳ್ಳೆಯದಾಯಿತು. ಆರನೇ ಕ್ಲಾಸಿನಲ್ಲಿ ಆಗಸ್ಟ್ 15ಕ್ಕೆ ಆ ಹಾಡು ಹೇಳಿದವಳು ನಾನು. ಮುಷ್ಕರದ ಹೆಂಗಸರ ವಿಷಯ ಯಾರಾದರೂ ಅವತ್ತೇ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಹಾಸನದ ತಮ್ಮನಿಗೆ ಇನ್ನೊಂದು ಖುಷಿಯ ಸುದ್ದಿ. 2005ರಲ್ಲಿ ನಾರ್ತ್ ಕ್ಯಾರೊಲೈನಾದ ಬೂನ್ ಊರಿನಲ್ಲಿ ಕಪ್ಪು ಬ್ಯಾಂಜೊ ವಾದಕರೆಲ್ಲ ಒಂದೆಡೆ ಸೇರಿದರು. ಅಲ್ಲಿ ಭೇಟಿಯಾದ ಮೂವರು, ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್. ಮೆಬೇನ್ ಊರಿನಲ್ಲಿ ಜೋ ಥಾಂಪ್ಸನ್ ಅಂತ 86 ವರ್ಷದ ಫಿಡಲ್ ವಾದಕರಿದ್ದರು, ಪೀಠೋಪಕರಣ ಕಾರ್ಖಾನೆಯಲ್ಲಿ ದುಡಿದವರು. ಈ ಮೂವರು ವಾರವಾರ ಅವರ ಮನೆಗೆ ಹೋಗಿ ಎದುರು ಕೂತು ಕಲಿತರು. ಕ್ಯಾರೊಲೈನಾ ಚಾಕಲೇಟ್ ಡ್ರಾಪ್ಸ್ ತಂಡ ಹೀಗೆ ಹುಟ್ಟಿತು. ಗ್ರ್ಯಾಮಿ ಬಂತು. ಥಾಂಪ್ಸನ್ ಅವರಿಗೂ 2007ರಲ್ಲಿ ಹೆರಿಟೇಜ್ ಫೆಲೋಶಿಪ್ ಬಂತು. 2024ರಲ್ಲಿ ಬಿಯಾನ್ಸೆಯ ಕಂಟ್ರಿ ಹಾಡು ದೊಡ್ಡ ಹಿಟ್ ಆಯಿತಲ್ಲ, ‘ಟೆಕ್ಸಾಸ್ ಹೋಲ್ಡ್ ಎಮ್’, ಅದರ ಶುರುವಿನ ಬ್ಯಾಂಜೊ ಗಿಡೆನ್ಸ್ ಅವರದ್ದು.

ರೇಡಿಯೋ ಕಿವಿ

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಪ್ರೀತಿಯ ವಂದನೆ. ಬೈಲಿಯ ಕೊನೆಯ ವರ್ಷಗಳ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನು ಸೇರಿಸುತ್ತೇನೆ.

ಅವರು ಸರ್ಕಾರಿ ವಸತಿಯಲ್ಲಿ ಇದ್ದರು. ಆ ವಸತಿ ಇಲಾಖೆಯ ನೌಕರ ಡೇವಿಡ್ ಮಾರ್ಟನ್ ಕೆಲಸದ ಮೇಲೆ ಹೋದವರು ಸ್ನೇಹಿತರಾದರು. ಮಾತು ಬರೆದುಕೊಂಡರು, ಮನೆಯಲ್ಲೇ ನುಡಿಸಿದ್ದನ್ನು ಟೇಪ್ ಮಾಡಿದರು, ಆಮೇಲೆ ಚಾರ್ಲ್ಸ್ ವುಲ್ಫ್ ಜೊತೆ ಸೇರಿ 1991ರಲ್ಲಿ ಜೀವನಚರಿತ್ರೆ ತಂದರು. ಹಾಲ್ ಆಫ್ ಫೇಮ್ ಬಾಗಿಲು ತೆರೆದದ್ದರ ಹಿಂದೆ ಆ ಪುಸ್ತಕ ಇದೆ. 1974ರಲ್ಲಿ ಆಪ್ರಿಯವರು ಹಳಬರ ಕಾರ್ಯಕ್ರಮಕ್ಕೆ ಕರೆದಾಗ ಬೈಲಿ ಹೋಗಿ ನುಡಿಸಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ತಮ್ಮ 75ನೇ ಹುಟ್ಟುಹಬ್ಬಕ್ಕೂ ಅಲ್ಲಿ ನುಡಿಸಿದರು. ಕಾಸಿಗೆ ಕೊಸರಾಡುವ ರೆಕಾರ್ಡಿಂಗ್ ಆಹ್ವಾನಗಳಿಗೆ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ತಮ್ಮ ಸಂಗೀತದ ಬೆಲೆ ಅವರಿಗೆ ಗೊತ್ತಿತ್ತು. ಅವರ ಬಗ್ಗೆ ನನಗೆ ಅತಿ ಹೆಚ್ಚು ಗೌರವ ಇರುವುದು ಈ ಒಂದು ವಿಷಯಕ್ಕೆ.

ಹತ್ತು ತೂತು

ಒಂದು ವರದಿ. ನಿನ್ನೆ ಮೊಮ್ಮಗಳಿಗೆ ರೈಲು ಕೇಳಿಸಿದೆ. ಒಂಬತ್ತು ವರ್ಷ ಅವಳಿಗೆ. ಬೆಳಗ್ಗೆಯಿಂದ ನನ್ನ ಹಳೇ ಮೌತ್ ಆರ್ಗನ್ ಅವಳ ಕೈಯಲ್ಲೇ ಇದೆ. ಎರಡು ಎಳೆ, ಎರಡು ಊದು ಬಂದಿದೆ, ನಿಧಾನಕ್ಕೆ ಗಾಡಿ ಹೊರಟಿದೆ. ಸೀಟಿ ಇನ್ನೂ ಬಂದಿಲ್ಲ.